ಗಂಜಿ ತಿನ್ನುವ ತೊಟ್ಟಿ

ಅಕ್ಟೋಬರ್ 28

ನನ್ನ ಇರುವೆಗೆ ದೊಡ್ಡಮ್ಮನ ಆಶೀರ್ವಾದ.

ನೀನು ಹೊರಟು ಇಪ್ಪತ್ತಾರು ದಿನವಾಯಿತು. ಮೊನ್ನೆ ಫೋನಿನಲ್ಲಿ ನಿನ್ನ ದನಿ ಬಾವಿಯ ತಳದಿಂದ ಬಂದಂತಿತ್ತು. ಊಟದ ಕೋಣೆಯಲ್ಲಿ ಎಲ್ಲರೆದುರು ನಿಂತು ಮಾತಾಡಬೇಕು, ವಾರಕ್ಕೆ ಹತ್ತೇ ನಿಮಿಷ ಎಂದೆಯಲ್ಲ. ಚೆನ್ನಾಗಿದ್ದೀಯಾ, ಹೊಟ್ಟೆ ತುಂಬ ಉಣ್ಣುತ್ತೀಯಾ ಎಂದು ಕೇಳುವಷ್ಟರಲ್ಲಿ ಆರು ನಿಮಿಷ ಮುಗಿದಿತ್ತು. ಕಾಗದಕ್ಕಾದರೆ ಯಾರೂ ಗಡಿಯಾರ ಹಿಡಿದು ಕೂರುವುದಿಲ್ಲ.

ಇದರ ಜೊತೆ ಉಣ್ಣೆಯ ಕೈಗವಸು ಕಳಿಸಿದ್ದೇನೆ. ಇಷ್ಟು ಗಟ್ಟಿ ಇವೆಯಲ್ಲ ಎಂದು ಮೂತಿ ತಿರುಗಿಸಬೇಡ. ಬೇಕೆಂದೇ ಒಂದೂವರೆ ಪಾಲು ದೊಡ್ಡದಾಗಿ ಹೆಣೆದು, ನಮ್ಮ ಒಗೆಯುವ ಮನೆಯ ಹಳೆಯ ತೊಟ್ಟಿಯ ಬಿಸಿನೀರಿನಲ್ಲಿ ಅರ್ಧ ಪಾಳಿ ಅದ್ದಿಟ್ಟು, ತಿಕ್ಕಿ ತಿಕ್ಕಿ ಕುಗ್ಗಿಸಿದ್ದು. ಹಾಗೆ ಕುಗ್ಗಿದ ಉಣ್ಣೆಯಲ್ಲಿ ಎಳೆಗಳು ಒಂದನ್ನೊಂದು ಅಪ್ಪಿ ಹಿಡಿದಿರುತ್ತವೆ, ಗಾಳಿ ತೂರುವುದಿಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಮೂವತ್ತೊಂದು ವರ್ಷ ಬೇಯಿಸಿದವಳಿಗೆ ಇಷ್ಟಾದರೂ ಗೊತ್ತಿರಬೇಡವೇ. ಅಳತೆಗೆ ನಿನ್ನ ಕೈ ಸಿಗಲಿಲ್ಲ, ನನ್ನದನ್ನೇ ಇಟ್ಟುಕೊಂಡೆ.

ಇಸ್ತ್ರಿಯಣ್ಣ ನೋಡಿ ನಕ್ಕ. ಮಗು ಹೋಗಿರುವುದು ಭೂಮಿಯ ದಕ್ಷಿಣ ತುದಿಯ ಬೆಂಕಿ ಕಾರುವ ಬೆಟ್ಟಕ್ಕೆ, ನೀನು ಉಣ್ಣೆ ಕಳಿಸುತ್ತೀಯಲ್ಲ ಎಂದ. ಆ ಬೆಟ್ಟಕ್ಕೆ ಒಳಗೆ ಬೆಂಕಿ, ಮೈಮೇಲೆ ಹಿಮ. ನಿನ್ನ ಹಾಗೆ ಹೊರಗಷ್ಟೇ ಹೊಗೆ ಅಲ್ಲ ಎಂದೆ. ಬೀಡಿ ಎಸೆದು ತನ್ನ ಇಸ್ತ್ರಿ ಮೇಜಿಗೆ ಹೋದ.

ನಿನ್ನ ಪದವಿ ದಿನದ ಪಟದ ಧೂಳು ಒರೆಸಿದೆ. ನೀನು ಕಪ್ಪು ನಿಲುವಂಗಿಯಲ್ಲಿ ಕೊಕ್ಕರೆಯ ಹಾಗೆ ಕತ್ತೆತ್ತಿ ನಿಂತಿದ್ದೀಯ. ನಾನು ಪಕ್ಕದಲ್ಲಿ ಕೈಯೆರಡನ್ನೂ ಹಿಂದೆ ಕಟ್ಟಿಕೊಂಡಿದ್ದೇನೆ, ಕಾವಲುಗಾರನ ಹಾಗೆ.

ಕಾಲು ಬೆಚ್ಚಗಿರಲಿ.
ನಿನ್ನ ದೊಡ್ಡಮ್ಮ


ನವೆಂಬರ್ 30

ದೊಡ್ಡಮ್ಮ,

ಗಾಳಿ ಬಿಡದೆ ಬೀಸಿ ವಿಮಾನ ಹನ್ನೊಂದು ದಿನ ತಡವಾಯಿತು. ಕೈಗವಸು ಸರಿಯಾಗಿ ಕೂತಿವೆ. ನಿನ್ನ ಕೈಯೂ ನನ್ನ ಕೈಯೂ ಒಂದೇ ಅಳತೆ ಎಂದು ನನಗೆ ಗೊತ್ತಿರಲಿಲ್ಲ.

ನಾನಿಲ್ಲಿ ಏನು ಮಾಡುತ್ತೇನೆಂದು ಹೊರಡುವಾಗ ನೀನು ಕೇಳಿದ್ದೆ. ಬೆಟ್ಟದ ತಲೆಯ ಹತ್ತಿರ ಒಂದಿಷ್ಟು ಬರಿಯ ನೆಲವಿದೆ. ಸುತ್ತಲೂ ಹಿಮ, ಅಲ್ಲಿ ಮಾತ್ರ ಹಿಮ ನಿಲ್ಲುವುದಿಲ್ಲ. ಗಾಳಿ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿದ್ದರೆ, ಗೇಣುದ್ದ ಕೆಳಗೆ ಮಣ್ಣು ಅರವತ್ತೈದು ಡಿಗ್ರಿ ಸುಡುತ್ತದೆ. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಶಾಖವಿಲ್ಲದಿದ್ದರೆ ಅವು ಬೆಳೆಯುವುದೇ ಇಲ್ಲ. ಸುತ್ತ ನೂರಾರು ಮೈಲಿ ಹಿಮವಿರುವುದರಿಂದ ಬೇರೆ ಕಡೆಯ ನಂಟಿಲ್ಲದೆ ಒಂಟಿಯಾಗಿ ಬದುಕಿಕೊಂಡು ಬಂದಿವೆ. ನಮಗೆ ಬೇಕಾದದ್ದು ಅವುಗಳ ಕಿಣ್ವ. ಒಂದು ವಸ್ತುವನ್ನು ಕತ್ತರಿಸಿ ಇನ್ನೊಂದಾಗಿಸುವ ಪುಟ್ಟ ಕತ್ತರಿ ಎಂದುಕೊ. ನಮ್ಮ ನಿಮ್ಮ ಮೈಯ ಕಿಣ್ವಗಳು ಕುದಿನೀರಲ್ಲಿ ಮೊಟ್ಟೆಯ ಬಿಳಿಯ ಹಾಗೆ ಕೆಟ್ಟುಹೋಗುತ್ತವೆ. ಇವುಗಳದು ಕೆಡುವುದಿಲ್ಲ.

ನಿಯಮ ಬಹಳ. ತಲೆಯಿಂದ ಕಾಲಿನವರೆಗೆ ಹೊಸ ಬಿಳಿ ಉಡುಪು, ಬೂಟಿಗೆ ಮದ್ದು, ಮಣ್ಣು ತೆಗೆಯುವ ಚಮಚವನ್ನು ಬೆಂಕಿಯಲ್ಲಿ ಕಾಯಿಸಬೇಕು. ನಮ್ಮ ಮೈಯಿಂದ ಒಂದು ಕಣ ಬಿದ್ದರೂ, ಆಮೇಲೆ ಸಿಕ್ಕಿದ್ದು ಬೆಟ್ಟದ್ದೋ ನಮ್ಮದೋ ತಿಳಿಯುವುದಿಲ್ಲ. ಹಾಗಾಗಿ ನಿನ್ನ ಕೈಗವಸು ಡೇರೆಯಲ್ಲಿ ಮಾತ್ರ.

ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ನಾವು ಮೂವರು ಕಿರಿಯರು, ಕಾಯಂ ಹುದ್ದೆ ಒಂದೇ. ಅಷ್ಟರೊಳಗೆ ಹೊಸದೇನಾದರೂ ತೋರಿಸಬೇಕು. ಏಳು ಸೀಸೆ ಮಣ್ಣು ತರಲು ಅಪ್ಪಣೆಯಿದೆ, ನಾಲ್ಕು ಆಗಿದೆ. ಒಂದರಲ್ಲೂ ಏನೂ ಬೆಳೆದಿಲ್ಲ.

ಇರುವೆ


ಡಿಸೆಂಬರ್ 19

ನನ್ನ ಇರುವೆಗೆ,

ನಿನ್ನ ಕಾಗದವನ್ನು ಮೂರು ಸಲ ಓದಿ, ಗ್ರಂಥಾಲಯಕ್ಕೆ ಹೋಗಿ ಒಂದು ಪುಸ್ತಕವನ್ನೂ ತಂದೆ. ಗ್ರಂಥಪಾಲಕಿ ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು, ಮೊಮ್ಮಕ್ಕಳಿಗಾ ಎಂದಳು. ಇಲ್ಲ, ನನಗೇ ಎಂದೆ. ಹಾಸಿಗೆ ಬಟ್ಟೆಯ ಮೂಲೆಯಲ್ಲಿ ಮಸಿಯಿಂದ ಬರೆದ ವಾರ್ಡಿನ ಹೆಸರುಗಳನ್ನು ನೋಡಿ ನೋಡಿ ಅಕ್ಷರ ಕಲಿತವಳು ನಾನು ಎಂದು ಅವಳಿಗೇನು ಗೊತ್ತು. ಅರ್ಧದಷ್ಟು ಅರ್ಥವಾಯಿತು. ಉಳಿದರ್ಧವನ್ನು ನಮ್ಮ ಆಸ್ಪತ್ರೆಯ ಪರೀಕ್ಷಾ ಕೋಣೆಯ ಹುಡುಗಿ ಹೇಳಿಕೊಟ್ಟಳು. ರಕ್ತದಲ್ಲಿ ರೋಗದ ಗುರುತು ಹಿಡಿಯುವ ಯಂತ್ರಕ್ಕೂ ಇಂಥದೇ ಶಾಖ ತಾಳುವ ಕಿಣ್ವ ಬೇಕಂತೆ. ಇಷ್ಟು ದಿನ ಅದರ ಪಕ್ಕದ ಕೋಣೆಯಲ್ಲೇ ಬಟ್ಟೆ ಬೇಯಿಸುತ್ತಿದ್ದೆ, ಯಾರಾದರೂ ಒಂದು ಮಾತು ಹೇಳಬಾರದಿತ್ತೇ.

ಅರವತ್ತೈದು ಎಂದೆಯಲ್ಲ, ನಗು ಬಂತು. ನಮ್ಮ ಹಳೆಯ ತೊಟ್ಟಿಯ ಶಾಖ ತೋರಿಸುವ ಮುಳ್ಳೂ ಅಲ್ಲೇ ನಿಲ್ಲುವುದು. ಹಬೆಯ ಕೊಳವೆ ಅದರ ಹೊಟ್ಟೆಯೊಳಗೆ ಸುತ್ತಿ ಹೋಗುವುದರಿಂದ ಅದು ತಣ್ಣಗಾದದ್ದನ್ನು ನಾನು ಕಂಡಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ, ಸಂಜೆ ಶಾಲೆಯಿಂದ ಬಂದು ನೀನು ಅದರ ಗೋಡೆಗೆ ಬೆನ್ನು ಕೊಟ್ಟು ಲೆಕ್ಕ ಮಾಡುತ್ತಿದ್ದೆ. ಇಸ್ತ್ರಿಯಣ್ಣನಿಗೂ ಅದಕ್ಕೂ ಹಳೆಯ ಜಗಳ. ವೈದ್ಯರ ಕೋಟುಗಳನ್ನು ಒಂದು ಪಾಳಿ ಅದರಲ್ಲಿ ನೆನೆಹಾಕಿದರೆ ಗಂಜಿಯೆಲ್ಲ ತಾನಾಗಿಯೇ ಬಿಟ್ಟು ಬಟ್ಟೆ ಬಾಳೆಯ ಸುಳಿಯ ಹಾಗೆ ಮೆತ್ತಗಾಗುತ್ತದೆ. ಬೇರೆ ತೊಟ್ಟಿಯಲ್ಲಿ ಅಷ್ಟೇ ಬಿಸಿ ಇದ್ದರೂ ಆಗುವುದಿಲ್ಲ. "ನಿನ್ನ ತೊಟ್ಟಿ ಗಂಜಿ ತಿನ್ನುತ್ತೆ ಕಣಕ್ಕಾ, ನಾನು ಮತ್ತೆ ಹಾಕ್ತಾ ಸಾಯ್ಬೇಕು" ಎನ್ನುತ್ತಾನೆ. ನನಗೋ ತಿಕ್ಕುವ ಕೆಲಸ ತಪ್ಪುತ್ತದೆ.

ಆದರೆ ಅದಕ್ಕೂ ಕಾಲ ಬಂತು. ಹೊಸ ಮೇಲ್ವಿಚಾರಕ ಮಾರ್ಚ್ ಕೊನೆಗೆ ಅದನ್ನು ಕಿತ್ತು ಸ್ಟೀಲಿನದು ಕೂರಿಸುತ್ತಾನಂತೆ. ಜೊತೆಗೆ ನನ್ನ ನಿವೃತ್ತಿಯೂ. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಸಾಗಿಸಿಬಿಡಿ ಎಂದೆ. ಅವನಿಗೆ ತಮಾಷೆ ಅರ್ಥವಾಗುವುದಿಲ್ಲ, ಬರೆದುಕೊಂಡ.

ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲವೆಂದು ಕೊರಗಬೇಡ. ನೀನೂ ಎರಡು ವರ್ಷದವರೆಗೆ ಮಾತಾಡಿರಲಿಲ್ಲ. ಆಮೇಲೆ ಬಾಯಿ ಮುಚ್ಚಿದ್ದುಂಟೇ.

ದೊಡ್ಡಮ್ಮ


ಜನವರಿ 11

ದೊಡ್ಡಮ್ಮ,

ಏಳನೆಯ ಸೀಸೆ ಬೆಳೆಯಿತು.

ಉಳಿದ ಆರೂ ಇನ್ನೂ ಸುಮ್ಮನಿವೆ. ಏಳನೆಯದು ಎರಡೇ ದಿನದಲ್ಲಿ ಮೋಡದ ಹಾಗೆ ಕದಡಿತು. ಏನೇನು ತಿನ್ನುತ್ತದೆಂದು ನೋಡಲು ಹಲವು ವಸ್ತುಗಳನ್ನು ಹಾಕಿದೆವು. ಪಿಷ್ಟ, ಅಂದರೆ ನಿನ್ನ ಗಂಜಿಯೇ, ಅದನ್ನು ಎಪ್ಪತ್ತೈದು ಡಿಗ್ರಿಯಲ್ಲಿ ನೀರಾಗಿಸಿಬಿಟ್ಟಿತು. ಬಟ್ಟೆ ಕಾರ್ಖಾನೆಗಳಿಗೆ, ಕಾಗದದ ಕಾರ್ಖಾನೆಗಳಿಗೆ ಇಂಥದು ಬೇಕು. ನಮ್ಮ ಮುಖ್ಯಸ್ಥೆ ಮೂರು ತಿಂಗಳಲ್ಲಿ ನನ್ನ ಹತ್ತಿರ ಒಂದು ಹೆಚ್ಚಿನ ಮಾತಾಡಿದವರಲ್ಲ. ಅವತ್ತು ಬಂದು ಹೆಗಲ ಮೇಲೆ ಕೈಯಿಟ್ಟರು. ಫೆಬ್ರವರಿ ಕೊನೆಗೆ ವರದಿ ಕಳಿಸುತ್ತಾರೆ. ಹುದ್ದೆಯ ಪಟ್ಟಿಯಲ್ಲಿ ನನ್ನ ಹೆಸರನ್ನೇ ಬರೆದಿದ್ದಾರೆ.

ನಿನಗೊಬ್ಬಳಿಗೇ ಇನ್ನೊಂದು ವಿಷಯ. ಏಳನೆಯ ಸೀಸೆ ತುಂಬಿದ ದಿನ ಗಾಳಿಗೆ ಬೆರಳೆಲ್ಲ ಸೆಟೆದುಕೊಂಡಿದ್ದವು. ನಿಯಮದ ತೆಳು ಕೈಗವಸು ತೆಗೆದು ನಿನ್ನದನ್ನು ಹಾಕಿ, ಮೇಲೆ ರಬ್ಬರಿನದು ಎಳೆದುಕೊಂಡೆ. ಮುಚ್ಚಳ ತಿರುಗಿಸುವಾಗ ಹೆಬ್ಬೆರಳ ಹತ್ತಿರ ರಬ್ಬರು ಹರಿಯಿತು. ತಕ್ಷಣ ಬೇರೆ ಹಾಕಿಕೊಂಡೆ. ಯಾರಿಗೂ ಹೇಳಿಲ್ಲ, ಹೇಳುವಂಥದ್ದೇನೂ ಆಗಲಿಲ್ಲ. ನಿನ್ನ ಕೈಗವಸು ಇಲ್ಲದಿದ್ದರೆ ಆ ಸೀಸೆಯನ್ನು ತುಂಬಲು ನನ್ನಿಂದ ಆಗುತ್ತಿರಲಿಲ್ಲ ಎಂದಷ್ಟೇ ಹೇಳಬೇಕಿತ್ತು.

ಇರುವೆ


ಜನವರಿ 30

ನನ್ನ ಬಂಗಾರದ ಇರುವೆಗೆ,

ಓದಿದೊಡನೆ ಇಸ್ತ್ರಿಯಣ್ಣನಿಗೆ ಹೇಳಿದೆ, ಪರೀಕ್ಷಾ ಕೋಣೆಯ ಹುಡುಗಿಗೆ ಹೇಳಿದೆ, ಮೇಲ್ವಿಚಾರಕನಿಗೂ ಹೇಳಿದೆ. ಎಲ್ಲರಿಗೂ ಹಾಲು ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡಿ ಕೊಟ್ಟೆ. ನಿನ್ನ ಅಮ್ಮ ಇದ್ದಿದ್ದರೆ ಬೀದಿಯವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಳು. ನನ್ನ ತಂಗಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ.

ದಡ್ಡಿಯ ಒಂದು ಪ್ರಶ್ನೆ. ಆ ಬೆಟ್ಟದ ಮೇಲೆ ಗಿಡವಿಲ್ಲ, ಕಾಳಿಲ್ಲ, ಗೆಡ್ಡೆಯಿಲ್ಲ. ನಿನ್ನ ಜೀವಿ ಗಂಜಿ ತಿನ್ನುವುದನ್ನು ಎಲ್ಲಿ ಕಲಿಯಿತು?

ಫೆಬ್ರವರಿ 2

ಈ ಕಾಗದ ಮೂರು ದಿನ ಮೇಜಿನ ಮೇಲೆ ಹಾಗೆಯೇ ಇತ್ತು. ಮೇಲಿನ ಪ್ರಶ್ನೆ ಬರೆದ ಮೇಲೆ ಮುಂದಕ್ಕೆ ಲೇಖನಿ ಓಡಲಿಲ್ಲ.

ಪರೀಕ್ಷಾ ಕೋಣೆಯ ಹುಡುಗಿಯನ್ನು ಸುತ್ತಿ ಬಳಸಿ ಕೇಳಿದೆ. ಕಣ್ಣಿಗೆ ಕಾಣದ ಹಸಿರು ಪಾಚಿಯಲ್ಲೂ ಪಿಷ್ಟವಿರಬಹುದು, ಬೆಟ್ಟದ ಮೇಲೂ ಸಿಗಲಾರದ್ದೇನಲ್ಲ ಎಂದಳು. ಸಮಾಧಾನವಾಯಿತು. ಏಳುವಾಗ ಇನ್ನೊಂದು ಕೇಳಿದೆ. ಶಾಖ ಬೇಡುವ ಜೀವಿ ಒಣಗಿ ತಣ್ಣಗಾದರೆ ಸಾಯುತ್ತದಲ್ಲವೇ ಎಂದು. ಎಲ್ಲವೂ ಸಾಯುವುದಿಲ್ಲ, ಕೆಲವು ಬೀಜದ ಹಾಗೆ ಮುದುಡಿ ವರ್ಷಗಟ್ಟಲೆ ಕೂತಿರುತ್ತವೆ, ಬಿಸಿ ನೀರು ಸಿಕ್ಕಾಗ ಏಳುತ್ತವೆ ಎಂದಳು. "ಅಂಥವು ಬೆಟ್ಟದಲ್ಲೇ ಇರ್ಬೇಕು ಅಂತೇನಿಲ್ಲ ದೊಡ್ಡಮ್ಮ, ಬಿಸಿನೀರಿನ ಹಂಡೆಯಲ್ಲೂ ಇರ್ತವೆ" ಎಂದು ನಕ್ಕಳು. ನಾನೂ ನಕ್ಕೆ.

ಇರುವೆ, ಆ ಕೈಗವಸನ್ನು ನಾನು ಹಳೆಯ ತೊಟ್ಟಿಯಲ್ಲಿ ಅದ್ದಿದ್ದೆ. ಆಮೇಲೆ ತಣ್ಣೀರಿನಲ್ಲಿ ಜಾಲಿಸಲಿಲ್ಲ. ಜಾಲಿಸಿದರೆ ಉಣ್ಣೆ ಮತ್ತೆ ಸಡಿಲವಾಗುತ್ತದೆಂದು ಹಾಗೆಯೇ ಹಿಂಡಿ ನೆರಳಿನಲ್ಲಿ ಒಣಗಿಸಿದೆ. ಅದು ನನ್ನ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಪಾಡಿಗೆ ನಾನೇ ಕಂಡುಕೊಂಡದ್ದು. ಅದರ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಊಹೆ ತಪ್ಪಿರಬಹುದು. ನಾನೇನು ಓದಿದವಳೇ. ತಪ್ಪಾಗಲಿ ಎಂದೇ ಮೂರು ದಿನ ಕಾದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಎಲ್ಲರೆದುರು ನಿಂತು ಕೇಳಬೇಕಾಗುತ್ತದೆ, ಮುಖ ಎಲ್ಲಿ ಇಟ್ಟುಕೊಳ್ಳುತ್ತೀ? ಕಾಗದವನ್ನು ನೀನೊಬ್ಬಳೇ ಓದಬಹುದು. ಓದಿ ಸುಟ್ಟರೆ ಕೇಳುವವರಿಲ್ಲ, ನಾನಂತೂ ಕೇಳುವುದಿಲ್ಲ. ಮೇಲ್ವಿಚಾರಕ ಹೇಗೂ ತೊಟ್ಟಿ ಕೀಳುತ್ತಾನೆ. ಆಮೇಲೆ ಗೊತ್ತಿರುವುದು ನನಗೆ, ನಿನಗೆ.

ಹೇಳದೆ ಇರಲು ನೋಡಿದೆ, ಆಗಲಿಲ್ಲ. ಮಾಡುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಕೆಲಸ ಕೆಡಿಸಿದ ದೊಡ್ಡಮ್ಮ


ಫೆಬ್ರವರಿ 27

ಇರುವೆಗೆ,

ಎರಡು ವಾರ ಫೋನು ಬರಲಿಲ್ಲ. ಗಾಳಿ ಇರಬಹುದು ಎಂದುಕೊಂಡೆ. ಪತ್ರಿಕೆಯಲ್ಲಿ ಅಲ್ಲಿನ ಹವಾಮಾನವನ್ನೂ ಹಾಕಬಾರದೇ.

ನಿನ್ನನ್ನು ಏನೂ ಕೇಳುವುದಕ್ಕಲ್ಲ ಈ ಕಾಗದ. ಇಲ್ಲಿ ಬಿಸಿಲು ಚೆನ್ನಾಗಿದೆ, ಬಟ್ಟೆ ಬೇಗ ಒಣಗುತ್ತಿವೆ. ಇಸ್ತ್ರಿಯಣ್ಣ ದಿನಾ ನಿನ್ನ ಸುದ್ದಿ ಕೇಳುತ್ತಾನೆ. ಊರಿಗೆಲ್ಲ ಚಹಾ ಕೊಟ್ಟವಳು ನಾನೇ ಅಲ್ಲವೇ, ಈಗ ಏನು ಹೇಳಲಿ. ಮಗು ಕೆಲಸದಲ್ಲಿದ್ದಾಳೆ ಎನ್ನುತ್ತೇನೆ. ಇವತ್ತು ಅವನು, "ಅಕ್ಕಾ, ಮಗು ಕೆಲಸದಲ್ಲಿದ್ರೆ ನಿನ್ನ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ" ಎಂದ. ಉಗಿಯ ಸೆಕೆ ಎಂದೆ.

ಉಣ್ಣು, ಮಲಗು. ಬೇರೇನೂ ಇಲ್ಲ.

ದೊಡ್ಡಮ್ಮ


ಮಾರ್ಚ್ 5

ದೊಡ್ಡಮ್ಮ,

ನಿನ್ನ ಕಾಗದ ಸುಡಲಿಲ್ಲ. ಇಲ್ಲಿ ಡೇರೆಯೊಳಗೆ ಬೆಂಕಿ ಹಚ್ಚುವಂತಿಲ್ಲ ಎಂದು ಮೊದಲ ದಿನ ನೆಪ ಹೇಳಿಕೊಂಡೆ. ಎರಡನೆಯ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿಜ ಹೇಳಿಬಿಡುತ್ತೇನೆ. ನಿನ್ನ ಕಾಗದ ಬರುವ ಮೊದಲೇ ನನಗೆ ಅನುಮಾನ ಬಂದಿತ್ತು. ಬೆಟ್ಟದ ಜೀವಿಗಳು ನಿಧಾನ, ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕು. ಎರಡು ದಿನದಲ್ಲಿ ಕದಡುವಷ್ಟು ಅವಸರ ಅವುಗಳದಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದದ್ದನ್ನು ಕೇಳಿಸಿಕೊಳ್ಳದ ಹಾಗೆ ಇದ್ದೆ.

ಮೂರನೆಯ ದಿನ ಮುಖ್ಯಸ್ಥೆಯ ಮೇಜಿನ ಮೇಲೆ ನಿನ್ನ ಕಾಗದ, ಕೈಗವಸು ಎರಡನ್ನೂ ಇಟ್ಟೆ. ಅವರು ಎರಡು ಸಲ ಓದಿದರು. ಕೈಗವಸಿನ ಹೆಬ್ಬೆರಳನ್ನು ಕತ್ತರಿಸಿ ಸೀಸೆಗೆ ಹಾಕಿದೆವು. ಎರಡು ದಿನಕ್ಕೆ ಅದೇ ಮೋಡ, ಅದೇ ಕಿಣ್ವ. "ಹಿಮದ ಬೆಟ್ಟ ಹತ್ತಿ ಮನೆಯ ತೊಟ್ಟಿ ನೀರು ತಂದೆಯಲ್ಲಮ್ಮಾ" ಎಂದರು. ಬೈಗುಳವೋ ನಗುವೋ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಹುದ್ದೆ ನನಗಿಲ್ಲ. ನಿಯಮ ಮುರಿದದ್ದಕ್ಕೆ ಮುಂದಿನ ವರ್ಷ ಬೆಟ್ಟ ಹತ್ತುವಂತೆಯೂ ಇಲ್ಲ. ಬೇರೆ ಇಬ್ಬರಲ್ಲಿ ಒಬ್ಬಳಿಗೆ ಕೊಟ್ಟರು, ಅವಳು ಒಳ್ಳೆಯವಳು. ವರದಿ ಹೋಗುವ ಮೊದಲೇ ಹೇಳಿದೆ ಎಂಬುದನ್ನು ಮಾತ್ರ ಮುಖ್ಯಸ್ಥೆ ಬರೆದು ಕೊಟ್ಟಿದ್ದಾರೆ. ಇನ್ನೊಂದು ಮಾತು ಕೇಳಿದರು: ಆ ತೊಟ್ಟಿ ಇನ್ನೂ ಇದೆಯಾ? ಇದ್ದರೆ ಅದರ ನೀರು, ಗೋಡೆಯ ಲೋಳೆ, ಪಟ ಬೇಕಂತೆ. ಬೆಟ್ಟದ್ದಲ್ಲದಿದ್ದರೇನು, ಆ ಕಿಣ್ವ ಕೆಲಸಕ್ಕೆ ಬರುವಂಥದ್ದೇ. ಊರಿಗೆ ಬಂದು ಅದರ ಕೆಲಸ ಶುರುಮಾಡುವ ಮನಸ್ಸಿದೆ, ಎಲ್ಲಿ ಕೂತು ಎಂದು ಇನ್ನೂ ಗೊತ್ತಿಲ್ಲ.

ತಪ್ಪಾದಾಗ ತುಂಬುವ ಫಾರ್ಮು ಒಂದಿದೆ. ಹೊರಗಿನ ವಸ್ತು ಎಲ್ಲಿಂದ ಬಂತು, ಯಾರು ಕೊಟ್ಟರು, ಅವರ ಉದ್ಯೋಗ, ನಿಮಗೆ ಸಂಬಂಧ ಎಂದು ಖಾನೆಗಳಿವೆ. ಆಸ್ಪತ್ರೆಯ ಒಗೆಯುವ ಮನೆ ಎಂದು ಬರೆದೆ. ಬಟ್ಟೆ ಬೇಯಿಸುವವರು ಎಂದು ಬರೆದೆ. ಸಂಬಂಧದ ಖಾನೆಯನ್ನು ಕೊನೆಗೆ ಬಿಟ್ಟುಕೊಂಡೆ. ಪದವಿ ದಿನ ಮೆಟ್ಟಿಲ ಮೇಲೆ ನನ್ನ ಗೆಳತಿ ನೀನು ಯಾರೆಂದು ಕೇಳಿದಳು, ನಮಗೆ ಪರಿಚಯದವರು ಎಂದೆ. ನೀನು ಎರಡು ಮೆಟ್ಟಿಲು ಕೆಳಗಿದ್ದೆ. ಆಮೇಲೆ ಪಟಕ್ಕೆ ನಿಂತಾಗ ನೀನು ಕೈ ಹಿಂದೆ ಕಟ್ಟಿಕೊಂಡೆ.

ಖಾನೆಯಲ್ಲಿ ತಾಯಿ ಎಂದು ಬರೆದಿದ್ದೇನೆ. ಫಾರ್ಮಿನ ನಕಲು ಇದರ ಜೊತೆಗಿದೆ.

ಹೊರಡುವ ಮುಂಚೆ ಇನ್ನೊಂದು. ಮೂರನೆಯ ಸೀಸೆಯಲ್ಲಿ ಒಂದು ಚುಕ್ಕಿ ಕಾಣಿಸಿದೆ. ಸಾಸಿವೆಗಿಂತ ಚಿಕ್ಕದು. ಗಂಜಿ ಮುಟ್ಟುವುದಿಲ್ಲ. ಏನು ತಿನ್ನುತ್ತದೋ ಯಾರಿಗೂ ತಿಳಿದಿಲ್ಲ. ಅದು ಬೆಟ್ಟದ್ದೇ.

ಇರುವೆ


ಮಾರ್ಚ್ 24

ಇರುವೆಗೆ,

ನೀನು ಹಡಗಿನಿಂದ ಇಳಿಯುವ ಊರಿಗೆ ಇದನ್ನು ಕಳಿಸುತ್ತಿದ್ದೇನೆ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ಇಸ್ತ್ರಿಯಣ್ಣ ಇಡೀ ದಿನ ಹೇಳಿಕೊಂಡು ತಿರುಗಿದ. ಅಷ್ಟೇ ಅಲ್ಲ, ಗಂಜಿ ತಿನ್ನುತ್ತೆ ಎಂದು ಮೊದಲು ಹೇಳಿದವನು ತಾನಂತೆ, ನಿನ್ನ ಬರಹದಲ್ಲಿ ತನ್ನ ಹೆಸರೂ ಇರಬೇಕಂತೆ. ಕೇಳಿ ಹೇಳುತ್ತೇನೆ ಎಂದಿದ್ದೇನೆ.

ತೊಟ್ಟಿ ಇದೆ. ಕೀಳುವವರು ಹದಿನೆಂಟನೆಯ ತಾರೀಕೇ ಬಂದಿದ್ದರು. ನಾನು ಅದರ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂತೆ. ಮೇಲ್ವಿಚಾರಕ ಬಂದು, ಇದೇನಮ್ಮಾ ಹಟ ಎಂದ. ನನ್ನ ಮಗಳು ಬಂದು ನೋಡುವ ತನಕ ಎಂದೆ. ಬರೆದು ಕೊಡಿ ಎಂದ, ಬರೆದು ಕೊಟ್ಟೆ. ಏಪ್ರಿಲ್ ಹತ್ತರವರೆಗೆ ಸಮಯವಿದೆ. ಅಷ್ಟರೊಳಗೆ ನೀನು ಬರದಿದ್ದರೆ ತೊಟ್ಟಿಯ ನೀರು ತುಂಬಿಡಲು ಎಂದು ಉಪ್ಪಿನ ಭರಣಿ ಎರಡನ್ನು ಕುದಿಸಿ ಒಣಗಿಸಿ ಇಟ್ಟಿದ್ದೇನೆ. ಕುದಿಸಿದರೆ ಸಾಕೋ, ಬೆಂಕಿಯಲ್ಲೇ ಕಾಯಿಸಬೇಕೋ? ತಿಳಿಸು. ಈ ಸಲ ನಿನ್ನನ್ನು ಕೇಳದೆ ಏನನ್ನೂ ಮುಟ್ಟುವುದಿಲ್ಲ.

ಕೂರಲು ಜಾಗ ಎಲ್ಲಿ ಎಂದೆಯಲ್ಲ. ಪರೀಕ್ಷಾ ಕೋಣೆಯ ಹುಡುಗಿ ಮಧ್ಯಾಹ್ನದ ಮೇಲೆ ಅವರ ಮೇಜು ಖಾಲಿ ಎಂದಳು. ಕೇಳಿ ನೋಡಬಹುದು. ಅದು ಹುದ್ದೆಯಲ್ಲ, ಬರಿಯ ಮೇಜು.

ಹೌದು, ಅವತ್ತು ಮೆಟ್ಟಿಲ ಮೇಲೆ ಕೇಳಿಸಿಕೊಂಡಿದ್ದೆ. ಮಗುವಿಗೆ ನಾಚಿಕೆಯಾದದ್ದು ಬಟ್ಟೆಯ ಮದ್ದಿನ ವಾಸನೆಗೆ, ನನ್ನನ್ನು ಕಂಡಲ್ಲ ಎಂದು ಮನೆಯವರೆಗೂ ಹೇಳಿಕೊಂಡು ಬಂದೆ. ಪೂರ್ತಿ ನಂಬಿಕೆಯಾಗಲಿಲ್ಲ, ಆದರೂ ಹೇಳಿಕೊಂಡೆ. ಫಾರ್ಮಿನ ನಕಲು ಬಂತು, ಓದಿದೆ. ನಿನ್ನ ಪದವಿ ದಿನದ ಪಟದ ಹಿಂದೆ ಮಡಚಿ ಇಟ್ಟಿದ್ದೇನೆ.

ಆ ಕತ್ತರಿಸಿದ ಕೈಗವಸನ್ನು ಬಿಸಾಡಬೇಡ. ಅದೇ ಉಣ್ಣೆ ಇನ್ನೂ ಉಳಿದಿದೆ, ಹೆಬ್ಬೆರಳು ಹೆಣೆದು ಕೂರಿಸುತ್ತೇನೆ. ಮೂರನೆಯ ಸೀಸೆಯ ಚುಕ್ಕಿಗೆ ನನ್ನ ಕಡೆಯಿಂದ, ಅವಸರವಿಲ್ಲ, ನಿಧಾನವಾಗಿಯೇ ಬೆಳೆ ಎಂದು ಹೇಳಿ ಕಳಿಸು.

ನಿಮ್ಮ ಮುಖ್ಯಸ್ಥೆ ಕೇಳಿದ ಪಟ ಇಟ್ಟಿದ್ದೇನೆ. ತೊಟ್ಟಿ ಒಂದೇ ಸಾಕು ಎಂದರೂ ಇಸ್ತ್ರಿಯಣ್ಣ ಕೇಳದೆ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿದ. ಹಬೆಯಿಂದ ಮುಖ ಅಷ್ಟು ಸರಿಯಾಗಿ ಬಂದಿಲ್ಲ. ಕೈ ಬಂದಿವೆ. ತೊಟ್ಟಿಯ ಅಂಚಿನ ಮೇಲೆ, ಮುಂದೆಯೇ ಇಟ್ಟುಕೊಂಡಿದ್ದೇನೆ.

ದಾರಿ ಕಾಯುತ್ತಿರುವ
ದೊಡ್ಡಮ್ಮ